ಎರಡು ತಲೆ ಹಾವಿಗೆ ಕೋಟಿ ಬೆಲೆ ಕಟ್ಟಿದವರು ಯಾರು?

ಔರಾದ್ ಕಡೆಯ ಹುಡುಗನೊಬ್ಬ ಒಂದು ರಾತ್ರಿ ಹತ್ತೂವರೆಗೆ ನಮಗೆ ವಿಡಿಯೊ ಕಳಿಸಿದ. ಪ್ಲಾಸ್ಟಿಕ್ ಬುಟ್ಟಿ, ಬುಟ್ಟಿಯೊಳಗೆ ಕಂದು ಬಣ್ಣದ ದಪ್ಪನೆಯ ಹಾವು, ಪಕ್ಕದಲ್ಲಿ ಕಿರಾಣಿ ಅಂಗಡಿಯ ತಕ್ಕಡಿ. ತಕ್ಕಡಿಗೆ ಒರಗಿಸಿ ಅಂದಿನ ಪೇಪರ್ ಇಟ್ಟಿದ್ದ. ನಾವು ಸುದ್ದಿ ಕಳಿಸುವ ಪೇಪರೇ ಅದು. ವಿಡಿಯೊ ಹಿಂದೆಯೇ ಫೋನ್ ಬಂತು.

'ಸರ್, ನೀವು ಪೇಪರಿನವರು. ನಿಮಗ ಎಲ್ಲಾ ಕಡಿ ಪಹಚಾನ್ ಇರ್ತದ. ಯಾವುದಾದ್ರೂ ಪಾರ್ಟಿ ಗೊತ್ತಿದ್ರ ಹೇಳ್ರಿ. ನಿಮ್ದೂ ನೋಡ್ಕೋತೀವಿ.'

ಪೇಪರ್ ಯಾಕೆ ಇಟ್ಟಿದ್ದೀಯಪ್ಪಾ ಅಂದೆವು. ಹಾವು ಹಳೇ ವಿಡಿಯೊದ್ದಲ್ಲ, ಇವತ್ತೂ ಕೈಯಲ್ಲಿದೆ ಅಂತ ತೋರಿಸಲಿಕ್ಕೆ ತಾರೀಖು ಕಾಣಬೇಕಂತೆ. ಪಾರ್ಟಿಯವರು ಹಾಗೇ ಕೇಳುತ್ತಾರಂತೆ. ನಾವು ಬರೆದ ಸುದ್ದಿ ಯಾರು ಓದುತ್ತಾರೋ ಬಿಡುತ್ತಾರೋ, ನಮ್ಮ ಪೇಪರಿಗೆ ಹೀಗೂ ಒಂದು ಉಪಯೋಗ ಇದೆ ಅಂತ ಆವತ್ತು ತಿಳಿಯಿತು.

ಸೋಯಾ ಬಿತ್ತನೆಗೆ ಮುಂಚೆ ಬದು ಕಡಿಯುವಾಗ ಆ ಹಾವು ಸಿಕ್ಕಿತ್ತು. ಮೂರು ದಿನದಿಂದ ಬುಟ್ಟಿಯಲ್ಲಿತ್ತು. ಮನೆಯಲ್ಲಿ ಅವ್ವನಿಗೆ ಗೊತ್ತಿಲ್ಲ, ಅಪ್ಪನಿಗೆ ಗೊತ್ತು. ಒಬ್ಬ ದೇಗಲೂರಿನಿಂದ ಫೋನ್ ಮಾಡಿ ಎರಡು ಲಕ್ಷ ಅಂದಿದ್ದ. ಇನ್ನೊಬ್ಬ ಹೈದರಾಬಾದಿನಿಂದ, 'ಎರಡೂವರೆ ಕೆಜಿ ಆದರೆ ಮಾತ್ರ ಮಾತಾಡು, ಆಮೇಲೆ ಲಕ್ಷದ ಮಾತಲ್ಲ, ಕೋಟಿ ಮಾತು' ಅಂದಿದ್ದ. ಹುಡುಗನ ಹಾವು ಒಂದು ಕೆಜಿಯೂ ಇರಲಿಲ್ಲ.

ಇಂಥ ಫೋನ್ ನಮಗೆ ಇದೇ ಮೊದಲಲ್ಲ. ನಮ್ಮ ಬಳಗದಲ್ಲಿ ಯಾರನ್ನು ಕೇಳಿದರೂ ಇಂಥದ್ದೊಂದು ಕಥೆ ಹೇಳುತ್ತಾರೆ. ಹಾಗಾಗಿ ಈ ಸಲ ಅದನ್ನೇ ಬರೆಯೋಣ ಅನ್ನಿಸಿತು.

ಮೊದಲು ಆ ಪಾಪದ ಹಾವಿನ ವಿಷಯ. ಕನ್ನಡದಲ್ಲಿ ಮಣ್ಣುಮುಕ್ಕ ಅಂತಾರೆ. ನಮ್ಮ ಕಡೆ ಎರಡು ತಲೆ ಹಾವು ಅಂದರೇ ಜನಕ್ಕೆ ತಿಳಿಯೋದು. ಗಡಿ ದಾಟಿದರೆ ಮರಾಠಿಯಲ್ಲಿ ಮಾಂಡೂಳ, ಹಿಂದಿಯಲ್ಲಿ ದೋಮುಹಿ. ಇಂಗ್ಲಿಷಿನವರು ರೆಡ್ ಸ್ಯಾಂಡ್ ಬೋವಾ ಅನ್ನುತ್ತಾರೆ. ಶಾಸ್ತ್ರದ ಹೆಸರು ಎರಿಕ್ಸ್ ಜಾನಿಯೈ. ತಮಿಳುನಾಡಿನ ತರಂಗಂಬಾಡಿಯಲ್ಲಿದ್ದ ಜಾನ್ ಎಂಬ ಪಾದ್ರಿಯ ಹೆಸರನ್ನು ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ 1801ರಲ್ಲಿ ಇದಕ್ಕೆ ಇಟ್ಟ. ನಮ್ಮ ಕೊಳಕುಮಂಡಲವನ್ನು ಇಂಗ್ಲಿಷಿನಲ್ಲಿ ರಸೆಲ್ಸ್ ವೈಪರ್ ಅನ್ನುತ್ತಾರಲ್ಲ, ಅದೇ ರಸೆಲ್.

ಇದಕ್ಕೆ ಇರುವುದು ಒಂದೇ ತಲೆ. ಬಾಲ ಮೊಂಡಾಗಿ, ತಲೆಯಷ್ಟೇ ದಪ್ಪ ಇರುತ್ತದೆ. ಹೆದರಿದರೆ ಹಾವು ತಲೆಯನ್ನು ಮೈ ಕೆಳಗೆ ಅಡಗಿಸಿ ಬಾಲವನ್ನು ಮೇಲೆತ್ತುತ್ತದೆ. ಶತ್ರು ಕಚ್ಚಿದರೂ ಬಾಲಕ್ಕೆ ಕಚ್ಚಲಿ, ಜೀವ ಉಳಿಯಲಿ ಅನ್ನುವ ಉಪಾಯ. ಹಾವಾಡಿಗರು ಹಿಂದೆ ಆ ಬಾಲದ ಮೇಲೆ ಕಣ್ಣು ಬಾಯಿ ಕೊರೆದು ಎರಡು ತಲೆ ಅಂತ ತೋರಿಸುತ್ತಿದ್ದರು. ಆರು ತಿಂಗಳು ಈ ಕಡೆಯಿಂದ ಹರಿಯುತ್ತದೆ, ಆರು ತಿಂಗಳು ಆ ಕಡೆಯಿಂದ ಅನ್ನುವ ಮಾತನ್ನು ನಾವೂ ಸಣ್ಣವರಿದ್ದಾಗ ನಂಬಿದ್ದೆವು. ನೆಕ್ಕಿದರೆ ತೊನ್ನು, ಕುಷ್ಠ ಬರುತ್ತದೆ ಅಂತಲೂ ಹೆದರಿಸುತ್ತಿದ್ದರು. ಎರಡೂ ಸುಳ್ಳು. ಇದಕ್ಕೆ ವಿಷ ಇಲ್ಲ. ಸಡಿಲ ಮಣ್ಣಿನಲ್ಲಿ ಹುದುಗಿ ಕೂತು, ಹತ್ತಿರ ಬಂದ ಇಲಿಯನ್ನು ಹಿಡಿದು, ಸುತ್ತಿ ಬಿಗಿದು ನುಂಗುತ್ತದೆ. ರಾತ್ರಿ ಸಂಚಾರ. ಸ್ವಭಾವದಲ್ಲಿ ಬಲು ಸೌಮ್ಯ. ಅದೇ ಅದಕ್ಕೆ ಮುಳುವಾಗಿದೆ. ನಾಗರಹಾವಿನ ಹತ್ತಿರ ಯಾರು ಬುಟ್ಟಿ ಹಿಡಿದು ಹೋಗುತ್ತಾರೆ?

ಹಿಂದೆ ಕುಷ್ಠ ತರುವ ಹಾವು ಅಂತ ಹೆದರುತ್ತಿದ್ದ ಜನ ಈಗ ಇದನ್ನು ಲಕ್ಷ್ಮಿ ಅನ್ನುತ್ತಿದ್ದಾರೆ. ಮನೆಯಲ್ಲಿಟ್ಟರೆ ದುಡ್ಡು ಬರುತ್ತದೆ, ನಿಧಿ ತೋರಿಸುತ್ತದೆ, ದೊಡ್ಡ ಕಾಯಿಲೆಗೆ ಇದರಿಂದ ಔಷಧ ಮಾಡುತ್ತಾರೆ, ಮೈಯಲ್ಲಿ ಇರಿಡಿಯಂ ಇದೆ. ಇರಿಡಿಯಂ ಒಂದು ಲೋಹ, ಹಾವಿನ ಮೈಯಲ್ಲಿ ಅದು ತಯಾರಾಗುವುದಿಲ್ಲ. ಅಕ್ಕಿ ಎಳೆಯುವ ತಾಮ್ರದ ಚೊಂಬು, ಇಪ್ಪತ್ತು ಉಗುರಿನ ಆಮೆ, ಅಮಾವಾಸ್ಯೆಯ ಗೂಬೆ ಇವನ್ನೆಲ್ಲ ಮಾರುವವರ ಚೀಲದಲ್ಲೇ ಈ ಹಾವೂ ಇದೆ. ಚೀಲವೂ ಅದೇ, ಹಿಡಿದ ಕೈಯೂ ಅದೇ.

ಇದು ಬರೀ ನಮ್ಮ ಜಿಲ್ಲೆಯ ಹುಚ್ಚಲ್ಲ. ವೈಲ್ಡ್‌ಲೈಫ್ ಕನ್ಸರ್ವೇಷನ್ ಸೊಸೈಟಿಯ ಭಾರತ ಘಟಕ 2016ರಿಂದ 2021ರವರೆಗಿನ ಸುದ್ದಿಗಳನ್ನು ಕಲೆಹಾಕಿ ಒಂದು ವರದಿ ಮಾಡಿತ್ತು. ಈ ಹಾವನ್ನು ವಶಪಡಿಸಿಕೊಂಡ 172 ಪ್ರಕರಣ ಸಿಕ್ಕವು. 18 ರಾಜ್ಯ, 87 ಜಿಲ್ಲೆ. ಎಲ್ಲಕ್ಕಿಂತ ಹೆಚ್ಚು ಪಕ್ಕದ ಮಹಾರಾಷ್ಟ್ರದಲ್ಲಿ, 59. ಆಮೇಲೆ ಉತ್ತರ ಪ್ರದೇಶ, 33. ಇವು ಸಿಕ್ಕಿಬಿದ್ದ ಲೆಕ್ಕ ಮಾತ್ರ. ಯೂಟ್ಯೂಬಿನಲ್ಲಿ ಬಹಿರಂಗವಾಗಿ ಮಾರಾಟದ ವಿಡಿಯೊಗಳು ಓಡುತ್ತಿದ್ದದ್ದನ್ನೂ ಆ ವರದಿ ಎತ್ತಿ ತೋರಿಸಿತ್ತು.

ಔರಾದಿನಿಂದ ಒಂದು ಕಡೆ ನಾಂದೇಡ್ ಜಿಲ್ಲೆ, ಇನ್ನೊಂದು ಕಡೆ ತೆಲಂಗಾಣ. ಭಾಲ್ಕಿಯಿಂದ ಉದಗೀರ್ ದೂರವಿಲ್ಲ. ಬೀದರ್ ಬಸ್ ನಿಲ್ದಾಣದಲ್ಲಿ ಹೈದರಾಬಾದ್ ಬಸ್ ಹತ್ತಿದರೆ ಸುಮಾರು ಮೂರು ತಾಸಿನ ದಾರಿ. ಮೂರು ರಾಜ್ಯ, ಮೂರು ಭಾಷೆ, ಮೂರು ಪೊಲೀಸು. ದಲ್ಲಾಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ವ್ಯವಹಾರ ನಡೆಯುವುದು ಹೀಗೆ. ಹಾವು ಸಿಕ್ಕವನು ಊರಿನ ಒಬ್ಬನಿಗೆ ಹೇಳುತ್ತಾನೆ. ಅವನು ತಾಲ್ಲೂಕಿನ ಒಬ್ಬನಿಗೆ. ಅವನು 'ಪಾರ್ಟಿ ಇದೆ' ಅನ್ನುತ್ತಾನೆ. ಪಾರ್ಟಿ ಯಾವಾಗಲೂ ಮುಂದಿನ ಊರಿನಲ್ಲಿ ಇರುತ್ತಾನೆ. ಔರಾದಿನಲ್ಲಿ ಕೇಳಿದರೆ ಬೀದರಿನಲ್ಲಿ, ಬೀದರಿನಲ್ಲಿ ಕೇಳಿದರೆ ಹೈದರಾಬಾದಿನಲ್ಲಿ, ಹೈದರಾಬಾದಿನಲ್ಲಿ ಕೇಳಿದರೆ ದುಬೈಯಲ್ಲಿ. ದುಬೈಗೆ ಹೋಗಿ ಕೇಳಿದವರು ಯಾರೂ ಇಲ್ಲ. ನಡುವೆ ಗಾಡಿ ಖರ್ಚು, ಲಾಡ್ಜ್ ಖರ್ಚು, 'ಟೆಸ್ಟಿಂಗ್' ಮಾಡುವ ಡಾಕ್ಟರ್ ಫೀಸು, ಅಡ್ವಾನ್ಸು. ಈ ಸಣ್ಣ ಸಣ್ಣ ದುಡ್ಡೇ ನಿಜವಾದ ವ್ಯಾಪಾರ. ಹಾವು ಬರೀ ನೆಪ. ನಮಗೆ ಪರಿಚಯದ ಒಬ್ಬರು ಹಾಗೆ ಸಾಲ ಮಾಡಿ ನಲವತ್ತು ಸಾವಿರ ಕಳಕೊಂಡರು. ದೂರು ಕೊಡಲು ಹೋಗಲಿಲ್ಲ. ಏನಂತ ಕೊಡುತ್ತಾರೆ? ಹಾವು ಮಾರಲು ಹೋಗಿದ್ದೆ, ಮೋಸ ಹೋದೆ ಅಂತಲೇ?

ಇದರ ನಡುವೆ ಇತ್ತೀಚೆಗೆ ಇನ್ನೊಂದು ಹೊಸ ಮಾತು ಕೇಳುತ್ತಿದ್ದೇವೆ.

ಭಾಲ್ಕಿಯಲ್ಲಿ ಚಹಾ ಅಂಗಡಿ ಮುಂದೆ ಡಿಗ್ರಿ ಓದುವ ಒಬ್ಬ ಹುಡುಗ ನಮಗೆ ಫೋನಿನಲ್ಲಿ ವಿಡಿಯೊ ತೋರಿಸಿದ. ಅಮೆರಿಕದ ಒಂದು ಕೋಣೆ. ಗೋಡೆ ತುಂಬ ಪ್ಲಾಸ್ಟಿಕ್ ಡಬ್ಬಿ ಜೋಡಿಸಿದ ರ‍್ಯಾಕು. ಒಂದೊಂದು ಡಬ್ಬಿ ಎಳೆದರೂ ಒಳಗೆ ಮರಳು, ಮರಳಿನೊಳಗೆ ಹಾವು. ಒಂದು ಕಿತ್ತಳೆ, ಒಂದು ಕಪ್ಪು ಬಿಳುಪು, ಒಂದು ಹಾಲಿನಂಥ ಬಿಳಿ. 'ನೋಡ್ರಿ ಅಣ್ಣಾ, ಅಲ್ಲಿ ಇದು ಫಾರ್ಮಿಂಗ್. ಕುರಿ ಸಾಕಿದಂಗ ಸಾಕ್ತಾರ, ಕಲರ್ ಕಲರ್ ಮರಿ ತೆಗಿತಾರ. ನಮ್ಮಲ್ಲಿ ಹಾವು ಹೊಲದಾಗ ಪುಕ್ಕಟ ಸಿಗ್ತದ. ನಾವ್ಯಾಕ ಮಾಡಬಾರದು?'

ಹುಡುಗ ಜಾಣ. ಕೇಳಿದ ಪ್ರಶ್ನೆಯೂ ಸರಿಯಾದದ್ದೇ. 'ಹಾವು ಸಾಕಬಾರದು, ಪಾಪ' ಅಂದುಬಿಟ್ಟರೆ ಅದು ಉತ್ತರ ಆಗುವುದಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಆ ವಿಡಿಯೊದಲ್ಲಿರುವುದು ನಮ್ಮ ಹಾವಲ್ಲ. ಅದು ಕೆನ್ಯನ್ ಸ್ಯಾಂಡ್ ಬೋವಾ. ಪೂರ್ವ ಆಫ್ರಿಕಾ, ಈಜಿಪ್ಟ್ ಕಡೆಯದು. ನಮ್ಮ ಹಾವಿನ ದಾಯಾದಿ ಅನ್ನಬಹುದು, ಅದಕ್ಕಿಂತ ಸಣ್ಣದು. ಹುಟ್ಟು ಬಣ್ಣ ಕಿತ್ತಳೆಯ ಮೇಲೆ ಕಡುಕಂದು ಮಚ್ಚೆ. ಅಮೆರಿಕ, ಯುರೋಪಿನ ಜನ ಅದನ್ನು ಹತ್ತಾರು ವರ್ಷಗಳಿಂದ ಮನೆಯಲ್ಲೇ ಮರಿ ಮಾಡಿಸುತ್ತಾ ಬಂದಿದ್ದಾರೆ. ಕಾಡು ನೋಡದ ಹಾವಿಗೆ ಹುಟ್ಟಿದ ಹಾವಿನ ಮರಿಗಳು ಅವು.

ಬಣ್ಣ ಹೇಗೆ ಬರುತ್ತದೆ? ದೇವಣಿ ದನ ಕಟ್ಟಿದವರಿಗೆ ಇದು ಬೇಗ ತಿಳಿಯುತ್ತದೆ. ಹೋರಿಯ ಗುಣ ಒಂದು ಕರುವಿನಲ್ಲಿ ಕಾಣದೆ, ಆ ಕರುವಿನ ಕರುವಿನಲ್ಲಿ ಕಾಣುವುದನ್ನು ನಮ್ಮ ಹಿರಿಯರು ನೋಡಿದ್ದಾರೆ. ಅಡಗಿ ಕೂತ ಗುಣ ಅದು. ಮೈಯಲ್ಲಿ ಕಪ್ಪು ಬಣ್ಣವೇ ಹುಟ್ಟದ ಹಾವನ್ನು ಅಲ್ಬಿನೊ ಅನ್ನುತ್ತಾರೆ. ಕಿತ್ತಳೆ, ಕೆಂಪು ಹುಟ್ಟದ ಹಾವನ್ನು ಅನೆರಿ ಅನ್ನುತ್ತಾರೆ, ಅದು ಕಪ್ಪು ಬಿಳುಪಾಗಿ ಕಾಣುತ್ತದೆ. ಎರಡೂ ಬಣ್ಣ ಇಲ್ಲದ್ದು ಸ್ನೋ, ಅಂದರೆ ಹಿಮದಂತೆ ಬಿಳಿ. ಒಂದು ಅಲ್ಬಿನೊಗೂ ಒಂದು ಅನೆರಿಗೂ ಜೋಡಿ ಮಾಡಿದರೆ ಹುಟ್ಟುವ ಮರಿಗಳೆಲ್ಲ ಸಾಮಾನ್ಯ ಬಣ್ಣದವೇ. ಎರಡೂ ಗುಣ ಒಳಗೆ ಅಡಗಿರುತ್ತವೆ. ಆ ಮರಿಗಳು ದೊಡ್ಡವಾಗಲು ಎರಡು ಮೂರು ವರ್ಷ ಕಾಯಬೇಕು. ಆಮೇಲೆ ಅವನ್ನೇ ಕೂಡಿಸಿದರೆ, ಸರಾಸರಿ ಹದಿನಾರು ಮರಿಗೆ ಒಂದು ಬಿಳಿ ಬಂದೀತು. ಈ ಹಾವುಗಳು ಮೊಟ್ಟೆ ಇಡುವುದಿಲ್ಲ, ನೇರ ಮರಿ ಹಾಕುತ್ತವೆ. ಬಸಿರು ನಾಲ್ಕರಿಂದ ಆರು ತಿಂಗಳು. ಒಂದು ಸೂಲಿಗೆ ಹತ್ತು ಹದಿನೈದು ಮರಿಯಾದರೆ, ಆ ಒಂದು ಬಿಳಿ ಮರಿ ಆ ಸೂಲಿನಲ್ಲಿ ಬರಲೂಬಹುದು, ಬರದೆಯೂ ಇರಬಹುದು. ಡಬ್ಬಿಯ ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತಣ್ಣಗೆ ಇರಬೇಕು. ಇಲಿ ಸಾಕಬೇಕು ಇಲ್ಲವೇ ಕೊಳ್ಳಬೇಕು. ತಾಳ್ಮೆಯ ಕೆಲಸ. ಮಾಡುವವರನ್ನು ನಾವು ಹೀಯಾಳಿಸುವುದಿಲ್ಲ. ಪಾರಿವಾಳ ಸಾಕುವ ಬೀದರಿನ ಹಳೇ ಊರಿನ ಮಂದಿಗೂ ಅವರಿಗೂ ದೊಡ್ಡ ವ್ಯತ್ಯಾಸ ಇಲ್ಲ.

ಆದರೆ ಬೆಲೆ ಕೇಳಿ. ಇಷ್ಟೆಲ್ಲ ಮಾಡಿ ಸಾಕಿದ ಸಾಮಾನ್ಯ ಬಣ್ಣದ ಕೆನ್ಯನ್ ಹಾವು ಅಲ್ಲಿ ಮಾರಾಟವಾಗುವುದು ನೂರು ಡಾಲರ್ ಆಸುಪಾಸಿಗೆ. ಅಪರೂಪದ ಬಣ್ಣದ್ದಾದರೆ ಕೆಲವು ನೂರು ಡಾಲರ್. ಅಂದರೆ ನಮ್ಮ ಲೆಕ್ಕದಲ್ಲಿ ಕೆಲವು ಸಾವಿರದಿಂದ ಕೆಲವು ಹತ್ತು ಸಾವಿರ. ಹೊಸ ಬಣ್ಣ ಬಂದ ವರ್ಷ ಬೆಲೆ ಏರುತ್ತದೆ, ಹತ್ತು ಮನೆಯಲ್ಲಿ ಅದೇ ಬಣ್ಣ ಹುಟ್ಟಿದ ಮೇಲೆ ಇಳಿಯುತ್ತದೆ. ತೊಗರಿ ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಜಗತ್ತಿನಲ್ಲಿ ಈ ಜಾತಿಯ ಹಾವನ್ನು ನಿಜವಾಗಿ ಕೊಳ್ಳುವ, ಮಾರುವ, ಬಿಲ್ ಕೊಡುವ ಮಾರುಕಟ್ಟೆ ಎಲ್ಲಿದೆಯೋ ಅಲ್ಲಿ ಬೆಲೆ ಇಷ್ಟು. ಮೂರು ವರ್ಷ ಕಾದು ತೆಗೆದ ಹಾಲುಬಿಳಿ ಹಾವಿಗೇ ಅಷ್ಟು ಬೆಲೆಯಾದರೆ, ಔರಾದಿನ ಬದುವಿನಲ್ಲಿ ಸಿಕ್ಕ ಮಣ್ಣುಬಣ್ಣದ ಹಾವಿಗೆ ಕೋಟಿ ಕೊಡುವವನು ಯಾವನು? ಭಾಲ್ಕಿಯ ಹುಡುಗನಿಗೆ ನಾವು ಕೇಳಿದ್ದು ಇದೊಂದೇ. ಅವನು ಸ್ವಲ್ಪ ಹೊತ್ತು ಚಹಾ ಕುಡಿದ. ಆಮೇಲೆ, 'ಅಂದ್ರ ಔಷಧಕ್ಕ ಅಂತಾರಲ್ಲ' ಅಂದ. ಔಷಧಕ್ಕೆ ಅನ್ನುವವರಿಗೆ ಕಂಪನಿ ಹೆಸರು ಕೇಳು ಅಂದೆವು.

ಇನ್ನು ಕಾನೂನು. ನಮ್ಮ ಹೊಲದ ಹಾವಾದರೂ ಅದು ನಮ್ಮದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ. ಕೊಂದರೆ ಮಾತ್ರ ಬೇಟೆ ಅಂತ ಬಹಳ ಜನ ತಿಳಿದಿದ್ದಾರೆ. ಕಾಯ್ದೆಯಲ್ಲಿ ಹಿಡಿಯುವುದೂ ಬೇಟೆಯೇ. ಬುಟ್ಟಿಯಲ್ಲಿ ಇಟ್ಟುಕೊಳ್ಳುವುದು, ಮಾರುವುದು, ಕೊಳ್ಳುವುದು, ಸಾಗಿಸುವುದು ಎಲ್ಲ ಅಪರಾಧ. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸಾಮಾನ್ಯ ಅಪರಾಧಕ್ಕೂ ಈಗ ಮೂರು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೆಚ್ಚಿನ ರಕ್ಷಣೆಯ ಪಟ್ಟಿಯ ಪ್ರಾಣಿಯಾದರೆ ಮೂರರಿಂದ ಏಳು ವರ್ಷ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಲಾಕೆಟ್ ಹಾಕಿಕೊಂಡಿದ್ದಕ್ಕೆ ಬಿಗ್ ಬಾಸ್ ಮನೆಯಿಂದಲೇ ಸ್ಪರ್ಧಿಯೊಬ್ಬರನ್ನು ಅರಣ್ಯ ಇಲಾಖೆಯವರು ಕರೆದೊಯ್ದದ್ದು ಎಲ್ಲರಿಗೂ ನೆನಪಿದೆ. ಅದೇ ಕಾಯ್ದೆ ಇದು.

ವಿದೇಶದ ಹಾವು ತಂದು ಸಾಕುತ್ತೇನೆ ಅನ್ನುವವರಿಗೂ ಈಗ ಬಾಗಿಲು ಸಲೀಸಿಲ್ಲ. ಕೆನ್ಯನ್ ಸ್ಯಾಂಡ್ ಬೋವಾ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ಅಂಥ ಪ್ರಾಣಿ ಮನೆಯಲ್ಲಿದ್ದರೆ ಕೇಂದ್ರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು ಅಂತ 2024ರ ಫೆಬ್ರವರಿಯಲ್ಲಿ ನಿಯಮ ಬಂತು. ಕಾಗದವಿಲ್ಲದೆ ವಾಟ್ಸ್ಯಾಪಿನಲ್ಲಿ ಕೊಂಡ ಹಾವು ಯಾವ ಬಣ್ಣದ್ದಾದರೂ ತಲೆನೋವೇ.

ಇಲ್ಲಿ ಇನ್ನೊಂದು ಮೋಸವನ್ನೂ ಹೇಳಬೇಕು. ನಮ್ಮ ಮಣ್ಣುಮುಕ್ಕದ ಮರಿ ಹುಟ್ಟುವಾಗ ಕೆಂಪು ಕಿತ್ತಳೆಯಾಗಿದ್ದು ಮೈಮೇಲೆ, ಬಾಲದ ಹತ್ತಿರ ಕಪ್ಪು ಪಟ್ಟೆ ಇರುತ್ತದೆ. ಬೆಳೆದಂತೆ ಮಾಸಿ ಕಂದಾಗುತ್ತದೆ. ಈ ಮರಿಯ ಫೋಟೊ ಹಾಕಿ 'ರೇರ್ ಕಲರ್, ಬ್ರೀಡಿಂಗ್ ಪೇರ್' ಅಂತ ಮಾರಲು ಕೂತವರಿದ್ದಾರೆ. ಅದು ಅಪರೂಪದ ಬಣ್ಣವಲ್ಲ, ಎಳೆ ವಯಸ್ಸಿನ ಬಣ್ಣ. ನಮ್ಮಲ್ಲಿ ಈ ಹಾವಿನ ಸಾಕು ವಂಶ ಅಂತ ಏನೂ ಇಲ್ಲ. ಯಾರ ಡಬ್ಬಿಯಲ್ಲಿ ಇದ್ದರೂ ಅದು ಯಾರದೋ ಹೊಲದಿಂದ ಎತ್ತಿಕೊಂಡು ಬಂದದ್ದು.

ಅದೂ ಯಾವುದನ್ನು ಎತ್ತುತ್ತಾರೆ? ತೂಕಕ್ಕೆ ಬೆಲೆ ಅಂದಮೇಲೆ ದಪ್ಪನೆಯದನ್ನು. ಈ ಜಾತಿಯಲ್ಲಿ ದಪ್ಪ ಇರುವುದು ಹೆಣ್ಣು. ಅಂದರೆ ಮರಿ ಹಾಕುವ ತಾಯಿಯನ್ನೇ ಹುಡುಕಿ ಹುಡುಕಿ ಎತ್ತುತ್ತಿದ್ದೇವೆ. ಒಂದು ತಾಯಿ ಒಂದು ಸೂಲಿಗೆ ಹಾಕುವುದು ಹೆಚ್ಚೆಂದರೆ ಹದಿನಾಲ್ಕು ಮರಿ, ಸಾಮಾನ್ಯವಾಗಿ ಅದರ ಅರ್ಧ. ಇಲಿ ಮರಿ ಹಾಕುವ ವೇಗ ಎಲ್ಲರಿಗೂ ಗೊತ್ತು. ತೂಕ ಸಾಲದಿದ್ದರೆ ಹಾವಿನ ಬಾಯಿಗೆ ಲೋಹದ ಗುಂಡು ತುರುಕಿದ ವರದಿಗಳೂ ಬಂದಿವೆ. ಅದನ್ನು ಬರೆಯುವಾಗ ಕೈ ನಡುಗುತ್ತದೆ.

ಹಾವಿಗೆ ಆಗುವುದು ಇದಾದರೆ, ಹಿಡಿಯಲು ಹೋದ ಮನುಷ್ಯನಿಗೂ ಅಪಾಯ ಇದೆ. ನಮ್ಮಲ್ಲಿ ಮಣ್ಣುಮುಕ್ಕದ ಇನ್ನೊಂದು ಜಾತಿಯೂ ಇದೆ. ಒರಟು ಮೈ, ಮಾಸಲು ಮೈಮೇಲೆ ಕಂದು ಮಚ್ಚೆಗಳ ಸಾಲು. ಇದಕ್ಕೂ ವಿಷವಿಲ್ಲ. ಆದರೆ ನೋಡಲು ಕೊಳಕುಮಂಡಲದಂತೆಯೇ ಕಾಣುತ್ತದೆ. ಮರಾಠಿ ಮಾತಾಡುವವರು ಘೋಣಸ್ ಅನ್ನುತ್ತಾರಲ್ಲ, ಅದೇ. ಎರಡು ತಲೆ ಹಾವು ಅಂತ ತಿಳಿದು ಕೊಳಕುಮಂಡಲಕ್ಕೆ ಕೈ ಹಾಕಿದರೆ ಕೈ ಉಳಿಯುವುದು ಕಷ್ಟ, ಜೀವವೂ ಹೋದೀತು. ಟಾರ್ಚಿನ ಬೆಳಕಿನಲ್ಲಿ, ಲಕ್ಷದ ಆಸೆಯಲ್ಲಿ, ಮಚ್ಚೆ ದುಂಡಗಿದೆಯೋ ಸೊಟ್ಟಗಿದೆಯೋ ಅಂತ ಯಾರು ನೋಡುತ್ತಾರೆ? ಹಾವು ಕಡಿತವನ್ನು ನಮ್ಮ ರಾಜ್ಯ 2024ರ ಫೆಬ್ರವರಿಯಲ್ಲಿ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಕಚ್ಚಿದರೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ. ಮಂತ್ರ, ಕೊಯ್ಯುವುದು, ಬಿಗಿ ಕಟ್ಟುವುದು ಯಾವುದೂ ಬೇಡ.

ಇಷ್ಟು ಹೊತ್ತು ದಲ್ಲಾಳಿಗೆ ಬೈದೆವು, ಹುಡುಗರಿಗೆ ಬುದ್ಧಿ ಹೇಳಿದೆವು. ಈಗ ನಮ್ಮದೇ ಕಸುಬಿನ ಮಾತು.

ಕೋಟಿ ಬೆಲೆ ಎಲ್ಲಿಂದ ಬಂತು ಅಂತ ಔರಾದಿನ ಹುಡುಗನಿಗೆ ಕೇಳಿದೆವು. ಅವನು ತಡಮಾಡದೆ ಹೇಳಿದ: 'ಪೇಪರಿನಾಗೇ ಬರ್ತದಲ್ಲ ಸರ್.' ಆಮೇಲೆ ತನ್ನ ಫೋನಿನಲ್ಲಿ ಉಳಿಸಿಟ್ಟಿದ್ದ ನಾಲ್ಕೈದು ಸುದ್ದಿ ತುಣುಕು ಕಳಿಸಿದ. ಒಂದರ ತಲೆಬರಹ 'ಕೋಟಿ ಮೌಲ್ಯದ ಹಾವು ವಶ'. ಇನ್ನೊಂದು 'ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಭಾರಿ ಬೇಡಿಕೆ'. ಅವನ ಪಾಲಿಗೆ ಅವು ಎಚ್ಚರಿಕೆಯಲ್ಲ, ರೇಟು ಬೋರ್ಡು. ಬೆಳಗ್ಗೆ ಎಪಿಎಂಸಿ ದರಪಟ್ಟಿ ನೋಡುವ ಹಾಗೆ ನೋಡಿದ್ದಾನೆ.

ಇಂಥ ವಾಕ್ಯ ನಾವೂ ಬರೆದಿದ್ದೇವೆ. ಪೊಲೀಸರ ಪತ್ರಿಕಾ ಹೇಳಿಕೆಯಲ್ಲಿ ಇರುತ್ತದೆ, ಅದನ್ನು ಹಾಗೇ ಟೈಪ್ ಮಾಡಿ ಕಳಿಸುತ್ತೇವೆ. ಬೆಲೆ ಹಾಕದಿದ್ದರೆ ಡೆಸ್ಕಿನವರು ಫೋನ್ ಮಾಡಿ 'ಮೌಲ್ಯ ಎಷ್ಟು' ಅಂತ ಕೇಳುತ್ತಾರೆ. ಸುದ್ದಿಗೆ ಇಷ್ಟು ಅಂತ ಸಿಗುವ ಸ್ಟ್ರಿಂಗರ್‌ಗೆ ಕೋಟಿ ಅಂದರೆ ಮೊದಲ ಪುಟ, ಕೋಟಿ ಇಲ್ಲದಿದ್ದರೆ ಒಳಪುಟದ ಮೂಲೆ. ಆ ಕೋಟಿಯನ್ನು ಕೊಟ್ಟವರು ಯಾರು, ಪಡೆದವರು ಯಾರು ಅಂತ ಒಂದು ದಿನವೂ ಕೇಳಲಿಲ್ಲ. ಸಿಕ್ಕಿಬಿದ್ದ ಆರೋಪಿ ಹೇಳಿದ ರೇಟನ್ನು ಪೊಲೀಸರು ಬರೆದುಕೊಂಡರು, ಪೊಲೀಸರು ಬರೆದದ್ದನ್ನು ನಾವು ಅಚ್ಚು ಹಾಕಿದೆವು, ನಾವು ಅಚ್ಚು ಹಾಕಿದ್ದನ್ನು ದಲ್ಲಾಳಿ ಹಳ್ಳಿಗೆ ತಂದು ತೋರಿಸಿದ. ಕೊಳ್ಳುವವನು ಈ ಸುತ್ತಿನಲ್ಲಿ ಎಲ್ಲೂ ಇಲ್ಲ.

ಹಾಗಾಗಿ ನಮ್ಮ ಬಳಗದಲ್ಲಿ ಮಾತಾಡಿಕೊಂಡು ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಎರಡು ತಲೆ ಹಾವಾಗಲಿ, ಚಿಪ್ಪುಹಂದಿಯಾಗಲಿ, ಆಮೆಯಾಗಲಿ, ಇಲ್ಲಿ ಬರೆಯುವ ಸುದ್ದಿಯಲ್ಲಿ ಬೆಲೆ ಹಾಕುವುದಿಲ್ಲ. ಎಷ್ಟು ವರ್ಷ ಶಿಕ್ಷೆಯಾಗಬಹುದು ಅಂತ ಹಾಕುತ್ತೇವೆ. ಪೇಪರಿಗೆ ಕಳಿಸುವ ಸುದ್ದಿಯಲ್ಲಿ ಡೆಸ್ಕಿನವರು ಕೇಳಿದರೆ 'ಮಾರುಕಟ್ಟೆಯೇ ಇಲ್ಲ' ಅಂತ ಹೇಳುತ್ತೇವೆ. ಎಷ್ಟು ದಿನ ನಡೆಯುತ್ತದೋ ನೋಡೋಣ. ಜಿಲ್ಲೆಯ ಪೊಲೀಸರಿಗೂ ಅರಣ್ಯ ಇಲಾಖೆಗೂ ನಮ್ಮದು ಇಷ್ಟೇ ಮನವಿ: ಹೇಳಿಕೆಯಲ್ಲಿ ಆ ಒಂದು ಸಾಲು ಬಿಡಿ.

ಇಲಾಖೆಗೆ ಇನ್ನೂ ಒಂದು ಮಾತು. ಈ ಪ್ರಕರಣಗಳ ಫೋಟೊದಲ್ಲಿ ನೆಲದ ಮೇಲೆ ಕುಳಿತಿರುವವರು ಯಾರು ನೋಡಿ. ಕೂಲಿಯವರು, ಆಟೊ ಓಡಿಸುವವರು, ಡಿಗ್ರಿ ಮುಗಿಸಿ ಕೆಲಸವಿಲ್ಲದ ಹುಡುಗರು. ಫೋನಿನಲ್ಲಿ ಕೋಟಿ ಅಂದವನು ಆ ಫೋಟೊದಲ್ಲಿ ಇರುವುದು ಕಡಿಮೆ. ತಪ್ಪು ತಪ್ಪೇ, ಕೇಸು ಆಗಲಿ. ಆದರೆ ಹೊಲದಲ್ಲಿ ಅಕಸ್ಮಾತ್ ಹಾವು ಕಂಡು ಇಲಾಖೆಗೆ ಫೋನ್ ಮಾಡುವವನಿಗೂ 'ನೀನೇ ಯಾಕೆ ಹಿಡಿದೆ' ಅನ್ನುವ ಭಯ ಇದ್ದರೆ ಯಾರೂ ಫೋನ್ ಮಾಡುವುದಿಲ್ಲ. 1926 ಅರಣ್ಯ ಇಲಾಖೆಯ ಸಹಾಯವಾಣಿ. ಆ ನಂಬರ್ ನಮ್ಮ ಹಳ್ಳಿಗಳಲ್ಲಿ ಎಷ್ಟು ಗೋಡೆಯ ಮೇಲಿದೆ? ಪಂಚಮಿ ದಿನ ಹುತ್ತಕ್ಕೆ ಹಾಲೆರೆಯಲು ಊರ ಹೆಣ್ಣುಮಕ್ಕಳೆಲ್ಲ ಸೇರುತ್ತಾರೆ. ಅರ್ಧ ತಾಸು ಅಲ್ಲಿ ಬಂದು ನಿಂತು ಮಾತಾಡಿದರೆ ಸಾಕು. 2023ರಿಂದ ರಾಜ್ಯದ ಅರಣ್ಯ ಖಾತೆ ಇರುವುದು ನಮ್ಮ ಭಾಲ್ಕಿಯ ಶಾಸಕರ ಕೈಯಲ್ಲೇ. ಬೆಂಗಳೂರಿನಿಂದ ಯಾರೋ ಬಂದು ಹೇಳಲಿ ಅಂತ ಕಾಯುವ ಅಗತ್ಯವೂ ಇಲ್ಲ.

ಭಾಲ್ಕಿಯ ಆ ಹುಡುಗನ ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟಿಲ್ಲ. ಬಣ್ಣ ನೋಡಿ ತಳಿ ತೆಗೆಯುವ ಆಸೆ ಕೆಟ್ಟದ್ದಲ್ಲ, ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ದೇವಣಿಯಲ್ಲಿ ಬಿಳಿ ಮೈಗೆ ಮುಖದ ಬದಿ ಕಪ್ಪಾಗಿದ್ದರೆ ವಾನೇರಾ, ಮೈಯೆಲ್ಲ ಅಡ್ಡಾದಿಡ್ಡಿ ಕಪ್ಪು ಬಿಳುಪಾಗಿದ್ದರೆ ಶೇವೇರಾ, ಬಿಳಿಯೇ ಹೆಚ್ಚಾಗಿದ್ದರೆ ಬಾಲಂಕ್ಯಾ. ನಮ್ಮ ಅಜ್ಜಂದಿರು ಜಾತ್ರೆಯಲ್ಲಿ ದೂರದಿಂದ ನೋಡಿಯೇ ಹೆಸರು ಹೇಳುತ್ತಿದ್ದರು. ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನ ನಂದಿನಗರದಲ್ಲೇ ಇದೆ. ದೇವಣಿಗಾಗಿಯೇ ಭಾಲ್ಕಿ ತಾಲ್ಲೂಕಿನ ಕಟ್ಟಿ ತುಗಾಂವಿನಲ್ಲಿ ಅದರ ಸಂಶೋಧನಾ ಕೇಂದ್ರವೂ ಇದೆ. ಹದಿನಾರಕ್ಕೆ ಒಂದು ಅನ್ನುವ ಲೆಕ್ಕ ಇಷ್ಟವಾದವನಿಗೆ ಅಲ್ಲಿ ಕಲಿಯಲು ಬೇಕಾದಷ್ಟಿದೆ. ಇದನ್ನು ಹೇಳಿದಾಗ ಹುಡುಗ ನಕ್ಕ. 'ದನದಾಗ ರೊಕ್ಕ ಎಲ್ಲದ ಅಣ್ಣಾ' ಅಂದ. ಅದಕ್ಕೆ ನಮ್ಮ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಮೇವಿನ ಬೆಲೆ, ಹಾಲಿನ ಬೆಲೆ ನಮಗೂ ಗೊತ್ತು. ರೊಕ್ಕ ಇದ್ದಿದ್ದರೆ ಹುಡುಗರು ಹಾವಿನ ಬುಟ್ಟಿ ಹೊತ್ತು ಯಾಕೆ ತಿರುಗುತ್ತಿದ್ದರು?

ಔರಾದಿನ ಹುಡುಗನಿಗೆ 1926ಕ್ಕೆ ಫೋನ್ ಮಾಡು ಅಂದೆವು. ಹೆದರಿದ. ನಾವೇ ಮಾಡುತ್ತೇವೆ, ನೀನು ಪಕ್ಕದಲ್ಲಿರು ಅಂದೆವು. ನಾಳೆ ಹೇಳುತ್ತೇನೆ ಅಂತ ಫೋನ್ ಇಟ್ಟ. ಎರಡು ದಿನ ಫೋನ್ ಎತ್ತಲಿಲ್ಲ. ಮಾರಿಬಿಟ್ಟ ಅಂತಲೇ ನಾವು ತಿಳಿದೆವು. ಮೂರನೇ ದಿನ ತಾನೇ ಫೋನ್ ಮಾಡಿದ. ಹೈದರಾಬಾದಿನ ಪಾರ್ಟಿ 'ಟೆಸ್ಟಿಂಗ್'ಗೆ ಹದಿನೈದು ಸಾವಿರ ಮೊದಲು ಹಾಕು ಅಂದಿದ್ದನಂತೆ. ಹುಡುಗ ಅಪ್ಪನ ಹತ್ತಿರ ಕೇಳಿದನಂತೆ. ಅಪ್ಪ ಬುಟ್ಟಿ ಎತ್ತಿಕೊಂಡು, ಎಲ್ಲಿ ಸಿಕ್ಕಿತ್ತೋ ಅದೇ ಬದುವಿಗೆ ಹೋಗಿ ಸುರಿದು ಬಂದರಂತೆ.

'ಏನಂದ್ರು ನಿಮ್ಮಪ್ಪ?' ಅಂದೆವು.

'ಏನೂ ಇಲ್ಲ ಸರ್. ಹೋದ ವರ್ಷ ಕಡ್ಲಿ ಎಲ್ಲಾ ಇಲಿ ತಿಂದ್ವು, ಇದು ಅಲ್ಲೇ ಇರಲಿ ಅಂದ್ರು.'